ಟಿಬೆಟ್‌ನಿಂದ ಹಿಮ ದಾಟಿ ಬಂದ ಹದಿನೈದರ ಹುಡುಗಿ ಕಥೆ ಬರೀಬೇಕಾ? ಹೀಗೆ ಶುರು ಮಾಡಿ

ಮೈಸೂರಿಂದ ಮಡಿಕೇರಿ ಬಸ್ ಹತ್ತಿ, ಪಿರಿಯಾಪಟ್ಟಣ ದಾಟಿ, ಕುಶಾಲನಗರಕ್ಕೆ ಸ್ವಲ್ಪ ಮುಂಚೆ ಇಳಿದ್ರೆ ಬೈಲಕುಪ್ಪೆ, ಟಿಬೆಟನ್ ನಿರಾಶ್ರಿತರ ಕ್ಯಾಂಪು. ನಾವೆಲ್ಲ ಸ್ಕೂಲ್ ಟ್ರಿಪ್‌ನಲ್ಲಿ ಹೋಗಿ ಗೋಲ್ಡನ್ ಟೆಂಪಲ್ ಮುಂದೆ ಫೋಟೋ ಹೊಡೆಸ್ಕೊಂಡು, ಮೊಮೊ ತಿಂದು ವಾಪಸ್ ಬಂದಿರೋ ಜಾಗ. ನಮ್ಮನೆ ಮಕ್ಕಳು ಸಿರಿಯಾದಿಂದ ದೋಣಿ ಹತ್ತಿದ ಹುಡುಗನ ಕಥೆ ಓದ್ತಾರೆ, ಹೊಂಡುರಾಸ್‌ನಿಂದ ಗೂಡ್ಸ್ ರೈಲಿನ ನೆತ್ತಿ ಮೇಲೆ ಕೂತು ಮೆಕ್ಸಿಕೋ ದಾಟಿದ ಹುಡುಗನ ಕಥೆ ಓದ್ತಾರೆ, ಎಲ್ಲಾ ಇಂಗ್ಲಿಷಲ್ಲಿ, ಓದ್ಲಿ ಒಳ್ಳೇದೇ. ಆದ್ರೆ ಹದಿಮೂರು ಹದಿನಾಲ್ಕು ವಯಸ್ಸಲ್ಲಿ ಹಿಮಾಲಯ ನಡ್ಕೊಂಡು ದಾಟಿ ಬಂದವರು ನಮ್ಮ ಪಕ್ಕದ ತಾಲೂಕಲ್ಲೇ ಹೋಟೆಲ್ ನಡೆಸ್ತಾ, ಚಳಿಗಾಲದಲ್ಲಿ ಬೆಂಗಳೂರಿಗೆ ಹುಬ್ಬಳ್ಳಿಗೆ ಬಂದು ಸ್ವೆಟರ್ ಮಾರ್ತಾ ಇದಾರೆ, ಅವರತ್ರ ನಾವು ಚೌಕಾಸಿ ಮಾಡಿದ್ದೀವಿ ಹೊರತು ಅವರ ಕಥೆ ನಮ್ಮ ಭಾಷೆಲಿ ಟೀನೇಜ್ ಮಕ್ಕಳಿಗೆ ಅಂತ ಬರೆದಿದ್ದು ನನ್ನ ಕೈಗಂತೂ ಸಿಕ್ಕಿಲ್ಲ.

ಅದಕ್ಕೆ ನಾನೇ ಬರೀತೀನಿ ಅಂತ ಕೂತೆ. ನೂರ ನಲವತ್ತು ಪುಟ ಬರೆದೆ. ಹಿಮ, ಗುಂಡು, ಓಟ, ಮತ್ತೆ ಹಿಮ. 9ನೇ ಕ್ಲಾಸ್ ಓದೋ ನಮ್ಮಕ್ಕನ ಮಗಳಿಗೆ ಕೊಟ್ಟೆ, ಅವಳು ಎರಡು ದಿನ ಬಿಟ್ಟು ವಾಪಸ್ ಕೊಟ್ಟು ಒಂದೇ ಮಾತು ಹೇಳಿದ್ದು: "ಚಿಕ್ಕಿ, ಈ ಹುಡುಗಿ ಏನೂ ಮಾಡೋದೇ ಇಲ್ವಲ್ಲ, ಎಲ್ಲರೂ ಇವಳ ಕೈ ಹಿಡ್ಕೊಂಡು ಎಳ್ಕೊಂಡ್ ಹೋಗ್ತಾರೆ ಅಷ್ಟೇ." ಮೊದಲು ಸಿಟ್ಟು ಬಂತು, ಆಮೇಲೆ ಕೂತು ತಿರುಗಾ ಓದಿದ್ರೆ ಅವಳು ಹೇಳಿದ್ದು ಅಕ್ಷರಶಃ ನಿಜ. ಹಂಗಾಗಿ ಈಗ ನಾನು ಹೇಳೋದೆಲ್ಲ ಆ ಹಾಳಾದ ನೂರ ನಲವತ್ತು ಪುಟದಿಂದ ಕಲಿತಿದ್ದು, ನೀವು ಬರೆಯೋರಾದ್ರೆ ನಿಮ್ಮ ಒಂದು ವರ್ಷ ಉಳೀಬಹುದು.

ಮೊದಲು ವರ್ಷ ಗಟ್ಟಿ ಮಾಡ್ಕೊಳ್ಳಿ

ಹುಡುಗಿ ಹೆಸರು, ಅವಳ ಕಣ್ಣು, ಅವಳ ಜಡೆ ಇವೆಲ್ಲ ಆಮೇಲೆ. ಮೊದಲು ಯಾವ ವರ್ಷ ಹೊರಡ್ತಾಳೆ ಅನ್ನೋದನ್ನ ಪೇಪರ್ ಮೇಲೆ ಬರೆದು ಗೋಡೆಗೆ ಅಂಟಿಸಿ. ಯಾಕಂದ್ರೆ ಟಿಬೆಟ್ ವಿಷಯದಲ್ಲಿ ವರ್ಷ ಬದಲಾದ್ರೆ ಕಥೆನೇ ಬದಲಾಗುತ್ತೆ.

1959ರ ಮಾರ್ಚ್ 10ಕ್ಕೆ ಟಿಬೆಟ್ ರಾಜಧಾನಿ ಲಾಸಾದಲ್ಲಿ ಚೀನಾ ಆಳ್ವಿಕೆ ವಿರುದ್ಧ ಜನ ದಂಗೆ ಎದ್ದಿದ್ದು, 17ರ ರಾತ್ರಿ ದಲೈ ಲಾಮಾ ಸಿಪಾಯಿ ವೇಷ ಹಾಕ್ಕೊಂಡು ಅರಮನೆ ಬಿಟ್ಟಿದ್ದು, ಮಾರ್ಚ್ 31ಕ್ಕೆ ಭಾರತದ ಗಡಿ ಮುಟ್ಟಿದ್ದು. ಅವರಿಗೂ ಆಗ 23 ವರ್ಷ ಅಷ್ಟೇ. ಅವರ ಹಿಂದೆ ಸುಮಾರು 80 ಸಾವಿರ ಜನ ಬಂದ್ರು. ನಿಮ್ಮ ಕಥೆ ಆ ವರ್ಷದ್ದಾದ್ರೆ ಇಡೀ ಸಂಸಾರನೇ ಒಟ್ಟಿಗೆ ಹೊರಡುತ್ತೆ, ಕುದುರೆ ಇರುತ್ತೆ, ಅಜ್ಜಿ ಇರ್ತಾಳೆ, ಮತ್ತೆ ಕೊನೇಲಿ 1960ರ ಬೈಲಕುಪ್ಪೆ ಅಂದ್ರೆ ಟೆಂಪಲ್ಲೂ ಇಲ್ಲ ಮೊಮೊನೂ ಇಲ್ಲ, ಬರೀ ಕಾಡು, ಆಗಿನ ಮೈಸೂರು ರಾಜ್ಯ ಕೊಟ್ಟ ಜಾಗದಲ್ಲಿ ಮರ ಕಡಿದು, ಆನೆ ಓಡಿಸಿ, ಟೆಂಟ್‌ನಲ್ಲಿ ಮಲಗಿದ ಕಾಲ.

1990ರ ದಶಕದ ಕಥೆ ಬೇರೆನೇ. ಆಗ ಅಪ್ಪ ಅಮ್ಮ ಊರಲ್ಲೇ ಉಳ್ಕೊಂಡು ಮಕ್ಕಳನ್ನ ಮಾತ್ರ ಕಳಿಸ್ತಿದ್ರು, ದಾರಿ ತೋರಿಸೋನಿಗೆ ದುಡ್ಡು ಕೊಟ್ಟು. ಇಂಡಿಯಾದಲ್ಲಿ ಟಿಬೆಟನ್ ಮಾತಾಡೋ ಸ್ಕೂಲ್ ಇದೆ, ಅಲ್ಲಿಗೆ ಹೋಗಿ ಓದ್ಕೊಳ್ಳಲಿ ಅಂತ. ವರ್ಷಕ್ಕೆ ಎರಡು ಮೂರು ಸಾವಿರ ಜನ ನೇಪಾಳದ ಕಡೆಯಿಂದ ಬರ್ತಿದ್ರು, ಅದರಲ್ಲಿ ಮಕ್ಕಳೇ ತುಂಬಾ. 2008ರ ಮಾರ್ಚ್‌ನಲ್ಲಿ ಟಿಬೆಟ್ ತುಂಬಾ ಪ್ರತಿಭಟನೆ ಆಯ್ತಲ್ಲ, ಆಮೇಲೆ ಗಡಿ ಬಿಗಿ ಆಗಿ ಸಂಖ್ಯೆ ಧಡಕ್ಕಂತ ಇಳೀತು, ಈಗಂತೂ ಬೆರಳೆಣಿಕೆ. ಅಂದ್ರೆ ನೀವು ಮಕ್ಕಳೆಲ್ಲ ಗುಂಪಾಗಿ ಹಿಮ ದಾಟೋ ಸೀನ್ ಬರೆದು ಕೆಳಗೆ 2016 ಅಂತ ಹಾಕಿದ್ರೆ ಗೊತ್ತಿರೋರು ಪುಸ್ತಕ ಅಲ್ಲೇ ಮುಚ್ತಾರೆ. ನಾನು ಆರಿಸ್ಕೊಂಡಿದ್ದು 1998ರ ಚಳಿಗಾಲ. ಮೊಬೈಲ್ ಇಲ್ಲ, ಅದು ಕಥೆ ಬರೆಯೋರಿಗೆ ದೊಡ್ಡ ವರ ಕಣ್ರೀ, ಮನೆಗೊಂದು ಸುದ್ದಿ ಮುಟ್ಟೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ.

ಹುಡುಗಿ ಕೈಲಿ ಒಂದು ನಿರ್ಧಾರ ಕೊಡಿ

ನನ್ನ ನೂರ ನಲವತ್ತು ಪುಟ ಸತ್ತಿದ್ದು ಇಲ್ಲೇ. ಟೀನೇಜ್ ಕಾದಂಬರಿ ಅಂದ್ರೆ ಓದೋ ಹುಡುಗಿ 'ನಾನಾಗಿದ್ರೆ ಏನ್ ಮಾಡ್ತಿದ್ದೆ' ಅಂತ ಯೋಚ್ನೆ ಮಾಡ್ಬೇಕು, ಅದಕ್ಕೆ ಕಥೆಯ ಹುಡುಗಿ ಏನಾದ್ರೂ ಮಾಡ್ಲೇಬೇಕು. ಆದ್ರೆ ನಿಜದಲ್ಲಿ ನಡೆದಿದ್ದು ಏನು? ದೊಡ್ಡವರು ತೀರ್ಮಾನ ಮಾಡ್ತಿದ್ರು. ಎಷ್ಟೋ ಮಕ್ಕಳಿಗೆ ಹೇಳ್ತಾನೇ ಇರ್ಲಿಲ್ಲ, 'ಲಾಸಾಗೆ ಯಾತ್ರೆಗೆ ಹೋಗಿ ಬಾ', 'ಅತ್ತೆ ಮನೆಗೆ ಹೋಗಿ ಬಾ' ಅಂತ ಕಳಿಸಿಬಿಡ್ತಿದ್ರು, ಯಾಕಂದ್ರೆ ಮಗು ಪಕ್ಕದ್ಮನೇಲಿ ಬಾಯಿ ಬಿಟ್ರೆ ಮುಗೀತು. ಹಾಗಿದ್ರೆ ನಿಜಾನೂ ಕೆಡಿಸ್ದೆ ಹುಡುಗೀನೂ ಗೊಂಬೆ ಆಗ್ದೆ ಇರೋ ಹಾಗೆ ಹೆಂಗೆ ಬರೆಯೋದು?

ನಾನು ಮಾಡಿದ್ದು ಇಷ್ಟು. ಆ ಸುಳ್ಳನ್ನೇ ಹಿಡ್ಕೊಂಡೆ. ಅಮ್ಮ ಸುಳ್ಳು ಹೇಳ್ತಾಳೆ, ಹುಡುಗಿಗೆ ಅದು ಸುಳ್ಳು ಅಂತ ಗೊತ್ತಾಗುತ್ತೆ, ಆದ್ರೆ ಗೊತ್ತಾಗಿದ್ದನ್ನ ಅವಳು ಹೇಳಲ್ಲ. ಆ ಬಾಯಿ ಮುಚ್ಕೊಂಡಿದ್ದೇ ಅವಳ ನಿರ್ಧಾರ. ಹೊಸ ಡ್ರಾಫ್ಟ್‌ನಿಂದ ಒಂದು ತುಂಡು ಇಲ್ಲೇ ಹಾಕ್ತೀನಿ, ನೋಡಿ (ಲಾಕ್ಪಾ ನನ್ನ ಕಥೆಯ ಹುಡುಗಿ, ಸಂಪಾ ಅಂದ್ರೆ ಹುರಿದ ಹಿಟ್ಟು, ಆಮಾ-ಲಾ ಅಂದ್ರೆ ಅಮ್ಮ):

ಅಮ್ಮ ಚೀಲಕ್ಕೆ ಸಂಪಾ ತುಂಬ್ತಾ ಇದ್ಲು. "ಲಾಸಾಗೆ ನಾಲ್ಕು ದಿನ, ಅಷ್ಟೇ," ಅಂದ್ಲು. ಲಾಕ್ಪಾ ಎಣಿಸಿದ್ಲು. ಒಂದು ಬಟ್ಟಲು, ಎರಡು, ಐದು, ಒಂಬತ್ತು. ನಾಲ್ಕು ದಿನಕ್ಕೆ ಇಷ್ಟು ಯಾರು ತಿಂತಾರೆ. ಹದಿನಾಲ್ಕನೇ ಬಟ್ಟಲಿಗೆ ಅಮ್ಮನ ಕೈ ಒಂದು ಕ್ಷಣ ನಿಂತು ಮತ್ತೆ ಹೋಯ್ತು. "ಆಮಾ-ಲಾ, ತಮ್ಮನಿಗೆ ಲಾಸಾದಿಂದ ಏನು ತರ್ಲಿ?" ಅಂತ ಲಾಕ್ಪಾ ಕೇಳಿದ್ಲು. ಅಮ್ಮ ಚೀಲದ ಬಾಯಿ ಕಟ್ಟಿದ್ಲು. "ಬಲೂನು," ಅಂದ್ಲು.

ಇದು ದೊಡ್ಡ ಸಾಹಿತ್ಯ ಅಂತ ಹೇಳ್ತಿಲ್ಲ, ಆದ್ರೆ ಇದನ್ನ ಓದಿ ಅಕ್ಕನ ಮಗಳು ತಲೆ ಎತ್ತಿ "ಅಯ್ಯೋ ಅವಳಿಗೆ ಗೊತ್ತು!" ಅಂದ್ಲು, ನನಗೆ ಅಷ್ಟು ಸಾಕಾಯ್ತು. ಹಿಂಗೆ ದಾರಿ ಉದ್ದಕ್ಕೂ ಒಂದೊಂದು ಸಣ್ಣ ನಿರ್ಧಾರ ಅವಳ ಪಾಲಿಗೆ ಬಿಡಿ. ಜೊತೆಲಿರೋ ಏಳು ವರ್ಷದ ಹುಡುಗಂಗೆ ತನ್ನ ಸಾಕ್ಸ್ ಕೊಡೋದಾ ಬೇಡ್ವಾ. ಗೈಡ್ ಎರಡು ದಾರಿ ಅಂದಾಗ ಸುಮ್ನಿರೋದಾ, 'ಬೇಡ' ಅನ್ನೋದಾ. ಬಚ್ಚಿಟ್ಕೊಂಡಿರೋ ಫೋಟೋನ ಚೆಕ್‌ಪೋಸ್ಟ್‌ಗೆ ಮುಂಚೆ ಎಸೆಯೋದಾ. ಸಾಕ್ಸ್ ನಿರ್ಧಾರ ನನ್ನ ಪ್ರಕಾರ ಗುಂಡಿನ ಸದ್ದಿಗಿಂತ ದೊಡ್ಡದು, ಯಾಕಂದ್ರೆ ಗುಂಡು ಹಾರಿದಾಗ ಎಲ್ಲರೂ ಓಡ್ತಾರೆ, ಸಾಕ್ಸ್ ವಿಷಯದಲ್ಲಿ ಒಬ್ಬೊಬ್ಬರು ಒಂದೊಂದು ಥರ.

ತಾನೇ ನಿರ್ಧಾರ ಮಾಡಿ ಹೊರಟ ಟೀನೇಜ್ ಹುಡುಗ ಇತಿಹಾಸದಲ್ಲಿ ಇಲ್ವೇ ಇಲ್ಲ ಅಂತ ಅಲ್ಲ. ಟಿಬೆಟನ್ ಬೌದ್ಧರ ಒಂದು ದೊಡ್ಡ ಪಂಥದ ಗುರು, 17ನೇ ಕರ್ಮಾಪಾ ಒಗ್ಯೆನ್ ತ್ರಿನ್ಲೆ ದೋರ್ಜೆ 1999ರ ಡಿಸೆಂಬರ್ 28ರ ರಾತ್ರಿ, ತಾನು ಏಕಾಂತ ಧ್ಯಾನದಲ್ಲಿ ಇರ್ತೀನಿ ಅಂತ ನಂಬಿಸಿ, ಮಠದ ಕಿಟಕಿಯಿಂದ ಇಳಿದು ಹೊರಟಾಗ ಅವರಿಗೆ 14 ವರ್ಷ. ಜೀಪು, ಕುದುರೆ, ನಡಿಗೆ, ಹೆಲಿಕಾಪ್ಟರ್ ಎಲ್ಲಾ ಆಗಿ 2000ದ ಜನವರಿ 5ಕ್ಕೆ ಧರ್ಮಶಾಲಾ. ರೋಚಕ ಕಥೆನೇ, ಒಪ್ತೀನಿ. ಆದ್ರೆ ಅದನ್ನ ಮಾದರಿ ಮಾಡ್ಕೊಬೇಡಿ. ನಿಮ್ಮ ಹುಡುಗಿಗೆ ಜೀಪೂ ಇಲ್ಲ, ಅವಳು ಕಾಣ್ತಿಲ್ಲ ಅಂತ ಪೇಪರ್‌ನಲ್ಲಿ ಬರೆಯೋರೂ ಇಲ್ಲ.

ಊರಲ್ಲಿರೋ ಅಪಾಯ ಸಣ್ಣದಾಗಿ ಕಾಣ್ಲಿ

ನಾವು ಬರೆಯೋರು ಅಪಾಯ ಅಂದ ತಕ್ಷಣ ಟ್ಯಾಂಕ್ ತರ್ತೀವಿ. ಹದಿನೈದರ ಹುಡುಗಿ ಕಣ್ಣಿಗೆ ಅಪಾಯ ಬರೋದು ಮನೆ ಗೋಡೆಯಿಂದ. 1990ರ ದಶಕದ ನಡುವಿನಿಂದ ಟಿಬೆಟ್‌ನಲ್ಲಿ ದಲೈ ಲಾಮಾ ಫೋಟೋ ಇಟ್ಕೊಳ್ಳೋದಕ್ಕೆ ನಿಷೇಧ ಬಿತ್ತು. 1996ರಿಂದ ಮಠಗಳಿಗೆ ಅಧಿಕಾರಿಗಳು ಬಂದು 'ದೇಶಭಕ್ತಿ ಶಿಕ್ಷಣ' ಅಂತ ಕೂರಿಸಿ, ದಲೈ ಲಾಮಾನ ಖಂಡಿಸಿ ಸಹಿ ಮಾಡಿ ಅಂದ್ರು, ಮಾಡದೇ ಇದ್ದ ಎಷ್ಟೋ ಭಿಕ್ಷುಗಳನ್ನ ಮಠದಿಂದ ಹೊರಗೆ ಹಾಕಿದ್ರು. ಇದನ್ನ ಪ್ಯಾರಾ ಬರೆದು ವಿವರಿಸೋಕೆ ಹೋಗ್ಬೇಡಿ, ಮಕ್ಕಳು ಅದನ್ನ ಹಾರಿಸಿ ಓದ್ತಾರೆ (ನಾನೂ ಹಾರಿಸ್ತಿದ್ದೆ). ಬದಲಿಗೆ ಸಗಣಿ ಬೆರಣಿ ಹೊಗೆಗೆ ಕಪ್ಪಾದ ಅಡುಗೆಮನೆ ಗೋಡೆ ತೋರಿಸಿ, ಅದರ ಮಧ್ಯೆ ಒಂದು ಚೌಕ ಮಾತ್ರ ಬೆಳ್ಳಗೆ. ನಿನ್ನೆ ತನಕ ಅಲ್ಲಿ ಫೋಟೋ ಇತ್ತು. ಈಗ ಅಮ್ಮ ಆ ಚೌಕದ ಮೇಲೆ ಕ್ಯಾಲೆಂಡರ್ ನೇತುಹಾಕ್ತಾಳೆ, ಕ್ಯಾಲೆಂಡರ್ ಸಣ್ಣದು, ಸುತ್ತ ಬಿಳಿ ಅಂಚು ಉಳಿಯುತ್ತೆ. ಭಿಕ್ಷು ಮಾಮ ಇದ್ದಕ್ಕಿದ್ದ ಹಾಗೆ ಮನೆಗೆ ಬಂದು ಹೊಲದ ಕೆಲಸಕ್ಕೆ ನಿಲ್ತಾನೆ, ಯಾಕೆ ಅಂತ ಯಾರೂ ಹೇಳಲ್ಲ. ಹುಡುಗಿ ಲೆಕ್ಕ ಹಾಕ್ಕೊಳ್ತಾಳೆ. ಓದೋ ಮಕ್ಕಳೂ ಹಾಕ್ಕೊಳ್ತಾರೆ, ಅವರನ್ನ ದಡ್ಡರು ಅಂದ್ಕೊಬೇಡಿ.

ಚೀಲದಲ್ಲಿ ಏನಿದೆ

ನೀವು ಬರೆಯೋ ಪ್ರತಿಯೊಂದು ಊಟಕ್ಕೂ ಒಂದು ಕಾರಣ ಇರ್ಲಿ. ಸಂಪಾ ಅಂದ್ರೆ ಹುರಿದ ಬಾರ್ಲಿ ಹಿಟ್ಟು. ಕನ್ನಡದವರಿಗೆ ಇದನ್ನ ಅರ್ಥ ಮಾಡಿಸೋಕೆ ಕಷ್ಟನೇ ಇಲ್ಲ, ನಮ್ಮ ಹುರಿಹಿಟ್ಟು ನೆನೆಸ್ಕೊಳ್ಳಿ, ರಾಗಿ ಬದಲು ಬಾರ್ಲಿ. ಬಟ್ಟಲಲ್ಲಿ ಸ್ವಲ್ಪ ಬೆಣ್ಣೆ ಟೀ ಉಳಿಸ್ಕೊಂಡು, ಮೇಲೆ ಹಿಟ್ಟು ಹಾಕಿ, ಎಡಗೈಲಿ ಬಟ್ಟಲು ತಿರುಗಿಸ್ತಾ ಬಲಗೈ ಬೆರಳಲ್ಲಿ ಅಂಚಿನಿಂದ ಒಳಕ್ಕೆ ಒತ್ತುತಾ ಒತ್ತುತಾ ಉಂಡೆ ಮಾಡ್ತಾರೆ. ಹೊಸಬರು ಮಾಡಿದ್ರೆ ಹಿಟ್ಟೆಲ್ಲ ಮಡಿಲಿಗೆ. ಓಡಿಹೋಗೋರಿಗೆ ಇದೇ ಯಾಕೆ ಅಂದ್ರೆ ಇದು ಬೇಯಿಸೋ ಹಂಗಿಲ್ಲ, ಬೆಂಕಿ ಬೇಡ, ಬೆಂಕಿ ಇಲ್ಲ ಅಂದ್ರೆ ಹೊಗೆ ಇಲ್ಲ, ಹೊಗೆ ಇಲ್ಲ ಅಂದ್ರೆ ದೂರದಿಂದ ಯಾರಿಗೂ ಕಾಣಲ್ಲ. ಟೀನೂ ಇಲ್ಲದಿದ್ರೆ ಹಿಮ ಕಲಸ್ಕೊಂಡು ತಿನ್ನೋದು, ಇಲ್ಲಾಂದ್ರೆ ಒಣಹಿಟ್ಟು ಬಾಯಿಗೆ ಹಾಕ್ಕೊಂಡು ಕೆಮ್ಮೋದು, ರಾತ್ರಿ ಬಚ್ಚಿಟ್ಕೊಂಡಿರುವಾಗ ಆ ಕೆಮ್ಮು ಒಂದೇ ಸಾಕು ಒಂದು ಅಧ್ಯಾಯಕ್ಕೆ.

ಒಣ ಮಾಂಸ, ಬೆಣ್ಣೆ ತುಂಡು, ಹೊದೆಯೋಕೆ ಪ್ಲಾಸ್ಟಿಕ್ ಶೀಟು, ತೆಳ್ಳಗಿನ ಕ್ಯಾನ್ವಾಸ್ ಶೂ. ಶೂ ವಿಷಯ ಮರೀಬೇಡಿ. ಪರ್ವತಾರೋಹಿಗಳ ಬೂಟು ಅಲ್ಲ, ಊರ ಅಂಗಡೀಲಿ ಸಿಗೋ ಶೂ.

ನಡಿಗೆ ಕಮ್ಮಿ, ಕಾಯೋದು ಜಾಸ್ತಿ

ಬಹಳ ಜನ ಬಂದ ದಾರಿ ನಂಗ್ಪಾ ಲಾ. 'ಲಾ' ಅಂದ್ರೆನೇ ಕಣಿವೆ ದಾರಿ, ಹಂಗಾಗಿ 'ನಂಗ್ಪಾ ಲಾ ಪಾಸ್' ಅಂತ ಬರೆದ್ರೆ 'ನಡುರಾತ್ರಿ ರಾತ್ರಿ' ಅಂದ ಹಾಗೆ. ಎತ್ತರ ಸುಮಾರು 5,700 ಮೀಟರ್, ಚೋ ಓಯು ಶಿಖರದ ಪಕ್ಕ, ಹಿಂದಿನ ಕಾಲದಿಂದ ಶೆರ್ಪಾಗಳು ಯಾಕ್ ಹೊಡ್ಕೊಂಡು ಉಪ್ಪು ವ್ಯಾಪಾರ ಮಾಡ್ತಿದ್ದ ದಾರಿ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಹೋಲಿಕೆಗೆ ಹೇಳ್ತಿದೀನಿ. ಅಷ್ಟು ಮೇಲೆ ಒಂದು ಉಸಿರಿಗೆ ಸಿಗೋ ಆಕ್ಸಿಜನ್ ಸಮುದ್ರಮಟ್ಟದ ಅರ್ಧ. ಆದ್ರಿಂದ ನಿಮ್ಮ ಪಾತ್ರಗಳು ಅಲ್ಲಿ ಓಡೋಕಾಗಲ್ಲ, ಉದ್ದ ಡೈಲಾಗ್ ಹೊಡೆಯೋಕೂ ಆಗಲ್ಲ. ಎರಡು ಪದ, ಉಸಿರು, ಎರಡು ಪದ. ನನ್ನ ಹಳೇ ಡ್ರಾಫ್ಟ್‌ನಲ್ಲಿ ಲಾಕ್ಪಾ ತುದೀಲಿ ನಿಂತು ಸ್ವಾತಂತ್ರ್ಯದ ಬಗ್ಗೆ ಹನ್ನೊಂದು ಸಾಲು ಮಾತಾಡಿದ್ಲು. ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ.

ಚಳಿಗಾಲದಲ್ಲೇ ಯಾಕೆ ಹೋಗ್ತಿದ್ರು ಅಂತ ಮಕ್ಕಳು ಕೇಳೇ ಕೇಳ್ತಾರೆ. ನದಿ ಹೆಪ್ಪುಗಟ್ಟಿರುತ್ತೆ, ಹಿಮ ಗಟ್ಟಿ ಆಗಿ ಕಾಲು ಹೂತ್ಕೊಳ್ಳೋದು ಕಮ್ಮಿ, ಕಾವಲಿನವರು ಬೆಚ್ಚಗೆ ಒಳಗಿರ್ತಾರೆ ಅನ್ನೋ ಆಸೆ. ಅಂದ್ರೆ ಚಳಿ ಅವರ ಶತ್ರುನೂ ಹೌದು, ಮರೆನೂ ಹೌದು. ಹಗಲು ಬಂಡೆ ಸಂದೀಲಿ ಬಿದ್ಕೊಂಡಿರೋದು, ಕತ್ತಲಾದ ಮೇಲೆ ನಡೆಯೋದು. ಅಂದ್ರೆ ದಿನದ ಬಹುಪಾಲು ಸುಮ್ನೆ ಕಾಯೋದೇ. ಹದಿನೈದರ ಹುಡುಗಿ ಹನ್ನೆರಡು ಗಂಟೆ ಅಲುಗಾಡದೆ ಬಿದ್ಕೊಂಡು ಏನು ಯೋಚ್ನೆ ಮಾಡ್ತಾಳೆ? ಕ್ಲಾಸಿನ ಹುಡುಗನ ಬಗ್ಗೆ ಮಾಡ್ತಾಳೆ, ಅಮ್ಮನ ಮೇಲಿನ ಸಿಟ್ಟಿನ ಬಗ್ಗೆ, ಉಚ್ಚೆ ಎಲ್ಲಿಗೆ ಹೋಗ್ಲಿ ಅನ್ನೋದರ ಬಗ್ಗೆ, ಈ ಗುಂಪಲ್ಲಿ ಇಷ್ಟೊಂದು ಗಂಡಸರ ಮಧ್ಯೆ ತಿಂಗಳ ಮುಟ್ಟು ಬಂದ್ರೆ ಏನ್ ಮಾಡ್ಲಿ ಅನ್ನೋದರ ಬಗ್ಗೆ. ಇದನ್ನ ಬರೀರಿ. ಬರೆಯೋಕೆ ಮುಜುಗರ ಆದ್ರೂ ಬರೀರಿ, ಓದೋ ಹುಡುಗೀರು ಮೊದಲು ಕೇಳೋ ಪ್ರಶ್ನೆ ಅದೇ.

ಹಿಮಗಡಿತ ಬರೆಯುವಾಗ ಒಂದು ವಿಷಯ: ಪಾದ ಮರಗಟ್ಟಿದಾಗ ನೋವೇ ಗೊತ್ತಾಗಲ್ಲ. ಹುಡುಗಿ 'ಅಬ್ಬಾ ನೋವು ಹೋಯ್ತು' ಅಂತ ಖುಷಿ ಪಡ್ತಾಳೆ, ಅದೇ ಭಯಾನಕ. ನೋವು ಶುರು ಆಗೋದು ಪಾದಕ್ಕೆ ಬಿಸಿ ತಾಗಿದ ಮೇಲೆ, ನೇಪಾಳದ ಹಳ್ಳೀಲಿ, ಸುರಕ್ಷಿತವಾದ ಜಾಗದಲ್ಲಿ. ಬೆರಳು ಕತ್ತರಿಸಬೇಕಾಗಿ ಬಂದವರು ತುಂಬಾ ಜನ. ಎಲ್ಲಾ ಮುಗೀತು ಅಂತ ಓದೋರು ನಿಟ್ಟುಸಿರು ಬಿಡೋ ಹೊತ್ತಿಗೆ ಇದು ಬರುತ್ತೆ ನೋಡಿ, ಅದಕ್ಕೆ ಪ್ಲಾಟ್ ತಿರುಚೋ ಅಗತ್ಯನೇ ಇಲ್ಲ.

ಗುಂಡು ಬೇಕೇ ಬೇಕಾ? 2006ರ ಸೆಪ್ಟೆಂಬರ್ 30ಕ್ಕೆ ಇದೇ ನಂಗ್ಪಾ ಲಾ ಹತ್ರ ಚೀನಾದ ಗಡಿ ಕಾವಲಿನವರು ಎಪ್ಪತ್ತಕ್ಕೂ ಜಾಸ್ತಿ ಜನರಿದ್ದ ಗುಂಪಿನ ಮೇಲೆ ಗುಂಡು ಹಾರಿಸಿದ್ರು, 17 ವರ್ಷದ ಒಬ್ಬ ಭಿಕ್ಷುಣಿ ಸತ್ತುಹೋದ್ಲು. ಚೋ ಓಯು ಹತ್ತೋಕೆ ಬಂದಿದ್ದ ವಿದೇಶಿಯರು ಕಣ್ಣಾರೆ ನೋಡಿದ್ರು, ರೊಮೇನಿಯಾದ ಒಬ್ಬ ಕ್ಯಾಮೆರಾಮನ್ ತೆಗೆದ ವಿಡಿಯೋ ಜಗತ್ತೆಲ್ಲ ನೋಡ್ತು. ನಿಜವಾಗಿ ಸತ್ತ ಮಗು ಅದು. ಅವಳ ಸಾವನ್ನ ಎತ್ಕೊಂಡು ನಿಮ್ಮ ನಾಯಕಿ ಪಕ್ಕದಲ್ಲಿ ಇಟ್ಟು ಕ್ಲೈಮ್ಯಾಕ್ಸ್ ಮಾಡ್ಬೇಡಿ ಅಂತ ನನ್ನ ಅಭಿಪ್ರಾಯ. ಕಥೆ ಆ ವರ್ಷಕ್ಕೆ ಸೇರಿದ್ರೆ ಸುದ್ದಿಯಾಗಿ ಬರ್ಲಿ, ದೂರದ ಸದ್ದಾಗಿ ಬರ್ಲಿ. ಹದಿಮೂರರಿಂದ ಹದಿನಾರರ ಓದುಗರಿಗೆ ಸಾವು ತೋರಿಸಬಾರದು ಅಂತಲ್ಲ, ಒಂದು ಸಾವು ಬರೆದ್ರೆ ಆಮೇಲಿನ ಮೂರು ಅಧ್ಯಾಯ ಅದರ ಭಾರ ಹೊರಬೇಕು, ಅಷ್ಟು ತಾಳ್ಮೆ ಇದ್ರೆ ಮಾತ್ರ ಬರೀರಿ.

ಇನ್ನು ಗೈಡ್. ಅವನನ್ನ ವಿಲನ್ ಮಾಡೋದು ಸುಲಭ, ದೇವರು ಮಾಡೋದು ಇನ್ನೂ ಸುಲಭ. ದುಡ್ಡು ತಗೊಂಡಿದಾನೆ, ಸಿಕ್ಕಿಬಿದ್ರೆ ಅವನಿಗೇ ಜಾಸ್ತಿ ಶಿಕ್ಷೆ, ಮಗು ಅತ್ರೆ ಬೈತಾನೆ, ಮತ್ತೆ ಅದೇ ಮಗುನ ಹೆಗಲ ಮೇಲೆ ಹೊತ್ಕೊಳ್ತಾನೆ. ನಮ್ಮೂರಲ್ಲಿ ಲಾರಿ ಡ್ರೈವರ್‌ಗಳನ್ನ ನೋಡಿದವರಿಗೆ ಈ ಥರದ ಮನುಷ್ಯ ಹೊಸಬ ಏನಲ್ಲ.

ಹೆಸರು, ಮಾತು

ಟಿಬೆಟನ್‌ರಲ್ಲಿ ಸಾಮಾನ್ಯರಿಗೆ ಮನೆತನದ ಹೆಸರು ಇರಲ್ಲ, ಹೆಸರು ಎಷ್ಟೋ ಸಲ ಲಾಮಾ ಇಡೋದು, ಒಂದೇ ಹೆಸರು ಗಂಡಿಗೂ ಹೆಣ್ಣಿಗೂ ನಡೆಯುತ್ತೆ. ಹುಟ್ಟಿದ ವಾರದ ಹೆಸರೂ ಇಡ್ತಾರೆ: ಭಾನುವಾರಕ್ಕೆ ನೀಮಾ, ಸೋಮವಾರಕ್ಕೆ ದಾವಾ, ಬುಧವಾರಕ್ಕೆ ಲಾಕ್ಪಾ, ಶುಕ್ರವಾರಕ್ಕೆ ಪಾಸಾಂಗ್. ನಮ್ಮಲ್ಲಿ ಸೋಮಣ್ಣ, ಮಂಗಳಮ್ಮ ಇಲ್ವಾ, ಹಂಗೇ. ಸುಮ್ನೆ ಕೇಳೋಕೆ ಚೆಂದ ಅಂತ 'ಶಾಂಗ್ರಿಲಾ' ಅಂತೆಲ್ಲ ಇಡ್ಬೇಡಿ.

ಹೆಸರಿನ ಹಿಂದೆ 'ಲಾ' ಸೇರಿಸಿದ್ರೆ ಗೌರವ, ಆಮಾ-ಲಾ, ಪಾ-ಲಾ. ಇದು ಕಣಿವೆ ದಾರಿಯ ಲಾ ಅಲ್ಲ, ಬೇರೆ. ನಮ್ಮ 'ಅವ್ರೇ', 'ರೀ' ಇದ್ದಂಗೆ. ಅದನ್ನ ಹಂಗೇ ಉಳಿಸ್ಕೊಂಡು, ಉಳಿದ ಮಾತನ್ನ ಸರಳ ಆಡುಗನ್ನಡದಲ್ಲಿ ಬರೆದ್ರೆ ಸಾಕು. ಇನ್ನೊಂದು ತಲೆನೋವು ಇದೆ, ಲಾಸಾ ಕಡೆ ಮಾತು, ಖಾಮ್ ಮಾತು, ಆಮ್ದೋ ಮಾತು (ಇವೂ ಟಿಬೆಟ್‌ನ ಸೀಮೆಗಳೇ) ಎಷ್ಟು ಬೇರೆ ಅಂದ್ರೆ ಆಮ್ದೋದಿಂದ ಬಂದ ಹುಡುಗಂಗೆ ಲಾಸಾ ಹುಡುಗಿ ಹೇಳಿದ್ದು ಮೊದಮೊದಲು ಅರ್ಥನೇ ಆಗಲ್ಲ. ಒಂದೇ ಗುಂಪು, ಒಂದೇ ಬಂಡೆ ಹಿಂದೆ, ಮಾತು ತಿಳಿಯಲ್ಲ. ನಾನು ಮೊದಲು ಆಮ್ದೋ ಹುಡುಗನ ಬಾಯಿಗೆ ಧಾರವಾಡ ಕನ್ನಡ ಹಾಕಿದ್ದೆ, ಓದಿದ್ರೆ ಸಿನಿಮಾ ಕಾಮಿಡಿ ಟ್ರ್ಯಾಕ್ ಆಗಿಬಿಟ್ಟಿತ್ತು, ಧಾರವಾಡದವರಿಗೂ ಅವಮಾನ ಆಮ್ದೋದವರಿಗೂ ಅವಮಾನ. ಈಗ ಅವನ ಮಾತೆಲ್ಲ ಲಾಕ್ಪಾ ಅರ್ಥ ಮಾಡ್ಕೊಂಡಷ್ಟೇ ಬರೀತೀನಿ, ಅರ್ಧ ವಾಕ್ಯ, ತಪ್ಪು ಊಹೆ, ಕೈಸನ್ನೆ. ಅದು ಕೆಲಸ ಮಾಡ್ತು, ಯಾಕಂದ್ರೆ ಊಹೆ ಮಾಡೋದೂ ಅವಳದ್ದೇ ಕೆಲಸ ಆಯ್ತಲ್ಲ.

ತಲುಪಿದ ಮೇಲೆ ಪುಸ್ತಕದ ಅರ್ಧ ಬಾಕಿ ಇರಲಿ

ನೇಪಾಳ ಭಾಗನ ಚುಟುಕಾಗಿ ಮುಗಿಸಬಹುದು, ಆದ್ರೆ ನೇಪಾಳಕ್ಕೆ ಕಾಲಿಟ್ಟ ತಕ್ಷಣ ಸೇಫ್ ಅಂತ ಬರೀಬೇಡಿ. ಪೊಲೀಸ್ ಕೈಗೆ ಸಿಕ್ರೆ ವಾಪಸ್ ಅಟ್ಟೋ ಭಯ ಇತ್ತು, 2003ರ ಮೇ ತಿಂಗಳಲ್ಲಿ 18 ಜನರನ್ನ ಕಾಠ್ಮಂಡುವಿಂದ ಚೀನಾಗೆ ಒಪ್ಪಿಸಿಯೇಬಿಟ್ರು. ಕಾಠ್ಮಂಡುವಿನ ನಿರಾಶ್ರಿತರ ಸ್ವಾಗತ ಕೇಂದ್ರ ಮುಟ್ಟಿದ್ರೆ ಉಸಿರು. ಅಲ್ಲಿಂದ ದಿಲ್ಲಿ, ದಿಲ್ಲಿಯಿಂದ ಧರ್ಮಶಾಲಾ, ಅಲ್ಲಿ ದಲೈ ಲಾಮಾ ದರ್ಶನ, ಆಮೇಲೆ ಹದಿನೆಂಟರ ಒಳಗಿನವರನ್ನ ಟಿಬೆಟನ್ ಮಕ್ಕಳ ಶಾಲೆಗಳಿಗೆ ಹಂಚ್ತಿದ್ರು. ಟಿಸಿವಿ (ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್) ಅಂತಾರೆ ಆ ಶಾಲೆಗಳಿಗೆ, 1960ರಲ್ಲಿ ಧರ್ಮಶಾಲಾದಲ್ಲಿ ದಲೈ ಲಾಮಾ ಅಕ್ಕ ತ್ಸೆರಿಂಗ್ ಡೋಲ್ಮಾ ಶುರು ಮಾಡಿದ್ದು, ಆಮೇಲೆ ತಂಗಿ ಜೆತ್ಸುನ್ ಪೇಮಾ ದಶಕಗಟ್ಟಲೆ ನಡೆಸಿದ್ದು. ಬೈಲಕುಪ್ಪೆಲೂ ಒಂದಿದೆ. ಮಕ್ಕಳು ಇರೋದು 'ಮನೆ'ಗಳಲ್ಲಿ, ಒಂದೊಂದು ಮನೆಗೆ ಹತ್ತಾರು ಮಕ್ಕಳು, ನೋಡ್ಕೊಳ್ಳೋಕೆ ಒಬ್ಬ ಆಮಾ-ಲಾ. ಈಗ ಯೋಚ್ನೆ ಮಾಡಿ, ಅಮ್ಮನ್ನ ಬಿಟ್ಟು ಬಂದ ಹುಡುಗಿ ಇನ್ನೊಬ್ಬ ಹೆಂಗಸನ್ನ ಅದೇ ಹೆಸರಲ್ಲಿ ಕರೀಬೇಕು. ಕರೀತಾಳಾ? ಯಾವತ್ತು ಕರೀತಾಳೆ? ನನ್ನ ಕಾದಂಬರಿಯ ಎರಡನೇ ಭಾಗ ಪೂರ್ತಿ ನಿಂತಿರೋದು ಇದೊಂದರ ಮೇಲೆ.

ಹೊಸದಾಗಿ ಬಂದವರನ್ನ ಇಲ್ಲಿ ಹುಟ್ಟಿದ ಟಿಬೆಟನ್ ಮಕ್ಕಳು 'ಸಾರ್ಜೋರ್' ಅಂತಾರೆ, ಅಂದ್ರೆನೇ ಹೊಸಬರು. ಎಲ್ಲಾ ಸಲ ಪ್ರೀತಿಯಿಂದ ಅನ್ನಲ್ಲ. ಇಲ್ಲಿನವರ ಮಾತಲ್ಲಿ ಹಿಂದಿ ಬೆರೆತಿರುತ್ತೆ, ಶಾರುಖ್ ಖಾನ್ ಗೊತ್ತಿರುತ್ತೆ, ಬಂದವರ ಮಾತಲ್ಲಿ ಚೀನೀ ಪದ ಬೆರೆತಿರುತ್ತೆ, ಅದಕ್ಕೆ 'ನೀನು ಚೀನಾದವಳು' ಅಂತ ಕಾಡಿಸ್ತಾರೆ. ಚೀನಾ ಬಿಟ್ಟು ಓಡಿಬಂದವಳಿಗೆ ಆ ಮಾತು! ಮೇಲಿಂದ ಇಂಗ್ಲಿಷ್ ಬರಲ್ಲ ಅಂತ ಹದಿನೈದರವಳನ್ನ ಹತ್ತು ವರ್ಷದವರ ಜೊತೆ ಕೂರಿಸ್ತಾರೆ. ಬೆಂಚಿನ ಕೆಳಗೆ ಮೊಣಕಾಲು ಹಿಡಿಸಲ್ಲ. ಇಂಥದ್ದು ನಮ್ಮ ಮಕ್ಕಳಿಗೆ ಹಿಮಕ್ಕಿಂತ ಬೇಗ ನಾಟುತ್ತೆ, ಸ್ಕೂಲ್ ಬದಲಾಯಿಸಿದ ಪ್ರತಿಯೊಬ್ಬರಿಗೂ ಆ ಬೆಂಚು ಗೊತ್ತು.

ಬೈಲಕುಪ್ಪೆ ಸೆಕೆ, ಸೊಳ್ಳೆ, ಸುತ್ತ ಮುಸುಕಿನ ಜೋಳದ ಹೊಲ, ಮಳೆಗಾಲದ ಕೆಂಪು ಕೆಸರು ಇವೂ ಬೇಕು. ಬೆಣ್ಣೆ ಟೀ ಇಲ್ಲಿ ಬೇಗ ಮುಗ್ಗಲು ವಾಸನೆ ಹೊಡೆಯುತ್ತೆ. ಕಾಗದಪತ್ರದ ವಿಷಯನ ಒಂದು ಸೀನ್‌ನಲ್ಲಾದ್ರೂ ತನ್ನಿ: ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಹೀಗೆ ಬಂದ ಟಿಬೆಟನ್‌ರು ಇಲ್ಲಿ ಕಾನೂನಿನ ಲೆಕ್ಕದಲ್ಲಿ ವಿದೇಶಿಯರು, ಆರ್‌ಸಿ ಅನ್ನೋ ನೋಂದಣಿ ಪುಸ್ತಕ ಆಗಾಗ ರಿನ್ಯೂ ಮಾಡಿಸ್ತಾ ಇರ್ಬೇಕು. ಆಫೀಸ್‌ನಲ್ಲಿ ಫಾರಂ ತುಂಬುವಾಗ 'ಹುಟ್ಟಿದ ತಾರೀಖು' ಕಾಲಂ ಬರುತ್ತೆ, ಹುಡುಗಿಗೆ ಗೊತ್ತಿರೋದು ಬುಧವಾರ ಅನ್ನೋದು ಮಾತ್ರ.

ಕ್ಯಾಂಪಿಗೆ ಹೋಗಿ ಕೇಳೋದು ಹೇಗೆ

ನೋಟ್‌ಬುಕ್ ಹಿಡ್ಕೊಂಡು ಹೋಗಿ "ನೀವು ಓಡಿಬಂದಿದ್ದು ಹೇಗೆ, ಹೇಳಿ" ಅಂತ ಮಾತ್ರ ಕೇಳ್ಬೇಡಿ. ನಾನು ಕೇಳಿದ್ದೆ. ಥುಕ್ಪಾ (ನೂಡಲ್ಸ್ ಸೂಪ್) ಮಾರೋ ಒಬ್ಬರು, ನನಗಿಂತ ಚೆನ್ನಾಗಿ ಕನ್ನಡ ಮಾತಾಡೋರು, "ಊಟ ಆಯ್ತಾ ಮೇಡಂ?" ಅಂತ ಕೇಳಿ ಒಳಗೆ ಹೋಗಿಬಿಟ್ರು. ಹೋಟೆಲಿಗೆ ಬಂದವಳು ಬಿಲ್ ಕೊಟ್ಟು ಹೋಗ್ಲಿ ಅಂತ ಅರ್ಥ. ಮೂರನೇ ಸಲ ಹೋದಾಗ ಹಿಟ್ಟು ಕಲಸೋದು ಹೇಳಿಕೊಡಿ ಅಂದೆ. ಕಲಸ್ತಾ ಕಲಸ್ತಾ ಅವರೇ ಹೇಳಿದ್ರು, ಅರ್ಧ ಗಂಟೆ. ಏನು ಹೇಳಿದ್ರು ಅನ್ನೋದು ಇಲ್ಲಿ ಬರೆಯಲ್ಲ, ಪುಸ್ತಕದಲ್ಲೂ ಬರೆಯಲ್ಲ. ಯಾಕಂದ್ರೆ ಅವರ ಅಣ್ಣ ತಂಗಿ ಇನ್ನೂ ಅಲ್ಲೇ ಇದಾರೆ, ಊರು, ಮಠದ ಹೆಸರು, ಗೈಡ್ ಗುರುತು, ಯಾವ ವರ್ಷ ಯಾರ ಜೊತೆ ಅನ್ನೋದೆಲ್ಲ ಅಲ್ಲಿರೋರಿಗೆ ತೊಂದರೆ ತರಬಹುದು. ಹಂಗಾಗಿ ಕೇಳಿದ ಕಥೆಯಿಂದ ಘಟನೆ ತಗೊಬೇಡಿ, ಹೇಗೆ ಅನ್ನಿಸ್ತು ಅನ್ನೋದನ್ನ ತಗೊಳ್ಳಿ, ಘಟನೆ ನೀವೇ ಕಟ್ಟಿ. ಊರಿಗೂ ಸುಳ್ಳು ಹೆಸರು ಕೊಡಿ.

ಮುಗಿದ ಡ್ರಾಫ್ಟ್ ಓದೋಕೆ ಕನ್ನಡ ಬರೋ ಒಬ್ಬ ಟಿಬೆಟನ್ ಓದುಗರನ್ನ ಹುಡುಕಿ, ದುಡ್ಡು ಕೊಟ್ಟು ಓದಿಸಿ, ಬಿಟ್ಟಿ ಕೆಲಸ ಮಾಡಿಸ್ಕೊಬೇಡಿ. ನನಗೆ ಸಿಕ್ಕಿದ್ದು ಮೈಸೂರಲ್ಲಿ ಡಿಗ್ರಿ ಓದ್ತಿರೋ ಕ್ಯಾಂಪಿನ ಒಬ್ಬ ಹುಡುಗಿ. ಅವಳು ಪೆನ್ಸಿಲ್‌ನಲ್ಲಿ ಮೂವತ್ತೆರಡು ಕಡೆ ಗುರುತು ಹಾಕಿದ್ಲು. ಲಾಕ್ಪಾ ಚಮಚದಲ್ಲಿ ಸಂಪಾ ತಿಂದ ಜಾಗದಲ್ಲಿ 'ಹಹಹ' ಅಂತ ಬರೆದಿದ್ಲು. ಬೀಳ್ಕೊಡುವಾಗ ಅಮ್ಮ ಮಗಳನ್ನ ತಬ್ಕೊಂಡು ಗೋಳಾಡೋ ಪುಟಕ್ಕೆ ಉದ್ದಕ್ಕೆ ಒಂದು ಗೀಟು ಎಳೆದು, ಪಕ್ಕದಲ್ಲಿ ಇಷ್ಟು: "ಅಕ್ಕಾ, ಲಾಸಾಗೆ ನಾಲ್ಕು ದಿನಕ್ಕೆ ಹೋಗೋಳಿಗೆ ಯಾರು ಹೀಗೆ ಅಳ್ತಾರೆ? ಪಕ್ಕದ್ಮನೆಯವರು ನೋಡ್ತಾ ಇರ್ತಾರೆ ಅಲ್ವಾ." ಆ ಪುಟ ಹರಿದುಹಾಕಿ ಹೊಸದಾಗಿ ಬರೆದೆ. ಈಗ ಅಮ್ಮ ಬಾಗಿಲಲ್ಲೇ ನಿಂತಿರ್ತಾಳೆ, ಬಾಣಲೆ ಕೈಲಿದೆ, ಒಳಗೆ ಬಾರ್ಲಿ ಸೀಯ್ತಾ ಇದೆ ಅಂತ ಹೇಳಿ ತಿರುಗಿ ಒಳಗೆ ಹೋಗ್ತಾಳೆ.